ಕ್ಲ್ಯಾಂಗ್ ಬಿಲ್ಡ್ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದೆ, ರ‍್ಯಾಮ್ ಹಾಕಿಸಬೇಕಾ?

ಸಿ, ಸಿ++ ಕಂಪೈಲರ್ ಆದ ಕ್ಲ್ಯಾಂಗನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಹೀಗಾಗುತ್ತಿದೆ ಎಂದು ನಿಮ್ಮ ಕಮಾಂಡ್ ಸಮೇತ ಕೇಳಿದ್ದೀರಿ. ರ‍್ಯಾಮ್ ಹಾಕಿಸಬೇಡಿ. ನಾನು ಹಾಕಿಸಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಕಂಪೈಲ್ ಎಲ್ಲ ಸಲೀಸಾಗಿ ಹೋಗುತ್ತದೆ. ಬಿಲ್ಡ್ ಕೆಲಸಗಳನ್ನು ಓಡಿಸುವ ನಿಂಜಾ ತೋರಿಸುವ ಲೆಕ್ಕ ಇನ್ನೇನು ಮುಗಿಯಿತು ಅನ್ನುವಾಗ ಮೌಸ್ ಅಲುಗಾಡುವುದಿಲ್ಲ, ಅಲ್ವಾ? ನನ್ನ 8 ಜಿಬಿ ಯಂತ್ರದಲ್ಲೂ ಹೀಗೇ ಆಗುತ್ತಿತ್ತು. ಒಮ್ಮೊಮ್ಮೆ ಯಂತ್ರ ಬದುಕಿಕೊಂಡು, ಕಂಪೈಲ್ ಆದ ತುಂಡುಗಳನ್ನು (ಆಬ್ಜೆಕ್ಟ್ ಫೈಲ್‌ಗಳನ್ನು) ಜೋಡಿಸುವ ಲಿಂಕರ್ ಮಾತ್ರ 'ಸಿಗ್ನಲ್ 9, ಕಿಲ್ಡ್' ಎಂದು ಸಾಯುತ್ತಿತ್ತು. ನಾನು ಸೋರ್ಸೇ ಕೆಟ್ಟಿದೆ ಅಂದುಕೊಂಡು ಎಲ್ಲ ಅಳಿಸಿ, ಮತ್ತೆ ಇಳಿಸಿಕೊಂಡು, ಮೊದಲಿನಿಂದ ಶುರು ಮಾಡಿದೆ. ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ನೋಡಿದ್ದರೆ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಂನ ಕರ್ನಲ್ಲೇ ಲಿಂಕರನ್ನು ಕೊಂದಿದೆ ಎಂದು ಅಲ್ಲೇ ಬರೆದಿರುತ್ತಿತ್ತು. ಅದು ತಿಳಿದ ಮೇಲೆ 16 ಜಿಬಿ ಮಾಡಿಸಿದೆ. ಬಿಲ್ಡ್ ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು.

ತಪ್ಪು ಇದ್ದದ್ದು ಬಿಲ್ಡ್ ಹೇಗಿರಬೇಕು ಎಂದು ಸಿದ್ಧಪಡಿಸುವ ಸಿಮೇಕ್‌ಗೆ ಕೊಟ್ಟ ಸಾಲಿನಲ್ಲಿ. ಬಿಲ್ಡ್ ಟೈಪ್ ಯಾವುದು ಎಂದು ನಾನು ಹೇಳಿರಲಿಲ್ಲ. ಆಗಿನ ಎಲ್‌ಎಲ್‌ವಿಎಂ (ಕ್ಲ್ಯಾಂಗ್ ಇರುವ ಮೂಲ ಪ್ರಾಜೆಕ್ಟ್), ಹೇಳದಿದ್ದರೆ ಸುಮ್ನೆ ಡೀಬಗ್ ಎಂದು ತೆಗೆದುಕೊಳ್ಳುತ್ತಿತ್ತು. ಈಗಿನದು ಹೇಳದಿದ್ದರೆ ಮುಂದೆ ಹೋಗುವುದೇ ಇಲ್ಲ. ಆದರೆ ನೀವು ಹಾಕಿರುವ ಕಮಾಂಡ್‌ನಲ್ಲಿ ನೀವೇ ಕೈಯಾರೆ ಡೀಬಗ್ ಎಂದು ಬರೆದಿದ್ದೀರಿ! ನಿಮ್ಮ ಪ್ರೋಗ್ರಾಂ ಡೀಬಗ್ ಮಾಡಲು ಅದು ಬೇಕು ಅಂದುಕೊಂಡಿರಬಹುದು. ಅಲ್ಲ. ಅದು ಕ್ಲ್ಯಾಂಗನ್ನೇ ಡೀಬಗ್ ಮಾಡುವವರಿಗೆ. ನಿಮ್ಮ ಪ್ರೋಗ್ರಾಂಗೆ ಕಂಪೈಲ್ ಮಾಡುವಾಗ ಮೈನಸ್ ಜಿ (-g) ಕೊಟ್ಟರಾಯಿತು, ಕ್ಲ್ಯಾಂಗ್ ಹೇಗೆ ಬಿಲ್ಡ್ ಆಗಿದ್ದರೂ ಸರಿ.

ಡೀಬಗ್ ಅಂದಾಗ ಒಂದೊಂದು ಆಬ್ಜೆಕ್ಟ್ ಫೈಲೂ ಡೀಬಗ್ ಮಾಹಿತಿ ತುಂಬಿಕೊಂಡು ಊದಿಕೊಳ್ಳುತ್ತದೆ. ಕ್ಲ್ಯಾಂಗ್, ಆಪ್ಟ್, ಎಲ್‌ಎಲ್‌ಸಿ ಹೀಗೆ ಪ್ರತಿಯೊಂದು ಟೂಲಿಗೂ ಎಲ್‌ಎಲ್‌ವಿಎಂ ಲೈಬ್ರರಿಗಳು ಸ್ಟ್ಯಾಟಿಕ್ ಆಗಿ, ಅಂದರೆ ಟೂಲಿನ ಒಳಗೇ ಸೇರುವಂತೆ, ಲಿಂಕ್ ಆಗುತ್ತವೆ. ಒಂದೊಂದು ಲಿಂಕೂ ಹಲವು ಜಿಬಿ ಮೆಮೊರಿ ನುಂಗುತ್ತದೆ. ನಿಂಜಾ ನಿಮ್ಮ ಕೋರ್‌ಗಳ ಲೆಕ್ಕಕ್ಕಿಂತ ಎರಡು ಜಾಸ್ತಿ ಕೆಲಸಗಳನ್ನು ಒಟ್ಟಿಗೆ ಓಡಿಸುತ್ತದೆ. ಕಂಪೈಲ್‌ಗೆ ಇದು ಒಳ್ಳೆಯದೇ. ಆದರೆ ಲಿಂಕ್‌ಗಳು ಕೊನೆಯಲ್ಲಿ ಗುಂಪಾಗಿ ಬರುತ್ತವೆ. ನಾಲ್ಕೈದು ಲಿಂಕರ್ ಒಟ್ಟಿಗೆ ಕೂತರೆ 16 ಜಿಬಿ ಯಾವ ಮೂಲೆಗೆ?

ನಿಂಜಾಗೆ ಒಂದು ಸಲಕ್ಕೆ ಒಂದೇ ಜಾಬ್ ಇಟ್ಟುಕೊಂಡು ಹೇಗೋ ಮುಗಿಸಿದೆ. ಆಮೇಲೆ ಸಿಕ್ಕ ಕ್ಲ್ಯಾಂಗ್ ತೆವಳುತ್ತಿತ್ತು, ಏಕೆಂದರೆ ಆಪ್ಟಿಮೈಸೇಶನ್ ಇಲ್ಲದೆ ಬಿಲ್ಡ್ ಆದ ಕಂಪೈಲರ್ ಅದು. ಇನ್ನೊಂದು ಕಂಪೈಲರ್ ಆದ ಜಿಸಿಸಿಯೇ ವಾಸಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಪಾಪ, ಕ್ಲ್ಯಾಂಗ್‌ದು ಏನೂ ತಪ್ಪಿರಲಿಲ್ಲ.

ಇನ್ನು, ಸೋರ್ಸ್‌ನಿಂದ ಬಿಲ್ಡ್ ಮಾಡಿದರೆ ಜಾಸ್ತಿ ವೇಗ ಅಂತಾರೆ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ರೆಡಿಯಾಗಿ ಸಿಗುವುದೂ ಆಪ್ಟಿಮೈಸ್ ಆದ ಬಿಲ್ಡೇ. ಡೆಬಿಯನ್, ಉಬುಂಟುಗೆ ಎಲ್‌ಎಲ್‌ವಿಎಂನವರದೇ ಎಪಿಟಿ (apt) ಪ್ಯಾಕೇಜ್ ರೆಪೊಸಿಟರಿ ಇದೆ. ಹಳೆಯ ಆವೃತ್ತಿಯ ಪಕ್ಕದಲ್ಲೇ ಹೊಸದೂ ಕೂರುತ್ತದೆ. ಕ್ಲ್ಯಾಂಗ್‌ನ ಕೋಡ್ ಮುಟ್ಟುವ ಉದ್ದೇಶ ಇಲ್ಲದಿದ್ದರೆ ಅದನ್ನೇ ಹಾಕಿಕೊಳ್ಳಿ. ಬರೀ ಹೊಸ ಆವೃತ್ತಿ ಬೇಕು ಅನ್ನುವುದಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ?

ಇಲ್ಲ, ಬಿಲ್ಡ್ ಮಾಡಲೇಬೇಕು ಅಂದರೆ ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ. ಡಿಸ್ಕಿನಲ್ಲಿ ಎಷ್ಟು ಜಾಗ ಬಿಡುಗಡೆ ಆಗುತ್ತದೆ ನೋಡಿ. ಸಿಮೇಕ್‌ನಲ್ಲಿ ಬಿಲ್ಡ್ ಟೈಪ್ ರಿಲೀಸ್ ಕೊಡಿ. ಕೋಡ್ ಬದಲಿಸುವವರಾದರೆ ಜೊತೆಗೆ ಅಸರ್ಶನ್ಸ್ (ಕೋಡ್ ಒಳಗಿನ ತಪಾಸಣೆಗಳು) ಆನ್ ಮಾಡಿಕೊಳ್ಳಿ, ಬಹುತೇಕ ಕೆಲಸಕ್ಕೆ ಅಷ್ಟು ಸಾಕು. ರೆಲ್‌ವಿತ್‌ಡೆಬ್‌ಇನ್ಫೋ ಎಂಬ ಬಿಲ್ಡ್ ಟೈಪ್ ಕಡೆ ಹೋಗಬೇಡಿ, ಅದರಲ್ಲೂ ಅದೇ ಡೀಬಗ್ ಮಾಹಿತಿಯ ಹೊರೆ. ಪ್ರಾಜೆಕ್ಟ್ಸ್‌ನಲ್ಲಿ ಕ್ಲ್ಯಾಂಗ್ ಒಂದೇ ಇರಲಿ. ಟಾರ್ಗೆಟ್ಸ್‌ನಲ್ಲಿ ನಿಮ್ಮ ಯಂತ್ರದ್ದು, ಅಂದರೆ ಎಕ್ಸ್86, ಒಂದೇ ಸಾಕು. ಹೇಳದಿದ್ದರೆ ಎಲ್ಲ ಪ್ರೊಸೆಸರ್‌ಗಳಿಗೂ ಬಿಲ್ಡ್ ಮಾಡುತ್ತಾ ಕೂರುತ್ತದೆ. ಪ್ಯಾರಲಲ್ ಲಿಂಕ್ ಜಾಬ್ಸ್ 1 ಮಾಡಿ. ಕಂಪೈಲ್ ಎಲ್ಲ ಕೋರ್‌ಗಳಲ್ಲೂ ಓಡುತ್ತದೆ, ಲಿಂಕ್ ಮಾತ್ರ ಒಂದಾದ ಮೇಲೆ ಒಂದು. ಎಲ್‌ಎಲ್‌ವಿಎಂನವರದೇ ಎಲ್‌ಎಲ್‌ಡಿ ಲಿಂಕರ್ ಇದ್ದರೆ ಅದನ್ನೇ ಬಳಸಿ. ಇನ್‌ಸ್ಟಾಲ್ ಪ್ರಿಫಿಕ್ಸ್ ನಿಮ್ಮ ಹೋಮ್ ಫೋಲ್ಡರ್ ಒಳಗೆ ಇರಲಿ, ಸುಡೊ (ಅಡ್ಮಿನ್ ಹಕ್ಕು) ಬೇಡ.

ಮಧ್ಯೆ ಎಲ್ಲಾದರೂ ನಿಂತರೆ ನನ್ನ ಹಾಗೆ ಎಲ್ಲ ಅಳಿಸಬೇಡಿ. ನಿಂಜಾ ಮತ್ತೆ ಓಡಿಸಿ, ಉಳಿದಿದ್ದಷ್ಟನ್ನೇ ಮಾಡುತ್ತದೆ.