ಜಾಗರಿ ಯಾರ ಮನೆಯ ಪದ?

ಪ್ರಶ್ನೆ: ಅಂಗಡಿಯಿಂದ ತಂದ ಅಚ್ಚು ಬೆಲ್ಲದ ಪ್ಯಾಕೆಟ್ ಮೇಲೆ ‘ಜಾಗರಿ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮೊಮ್ಮಗಳು ಓದಿ, “ಅಜ್ಜಿ, ಇಂಗ್ಲಿಷ್‌ನವರ ಊರಲ್ಲೂ ಬೆಲ್ಲ ಮಾಡ್ತಾರಾ?” ಅಂದಳು. ಏನು ಹೇಳಲಿ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಮೊಮ್ಮಗಳು ಸರಿಯಾದ ಕಡೆಗೇ ಕೈ ಹಾಕಿದ್ದಾಳೆ ತಾಯಿ. ಇಂಗ್ಲೆಂಡಿನ ಚಳಿಗೆ ಕಬ್ಬು ಎಲ್ಲಿ ಬೆಳೆಯಬೇಕು? ಆ ಹೆಸರು ನಮ್ಮ ಕಡೆಯಿಂದಲೇ ಹೋದದ್ದು. ನಡುವೆ ಪೋರ್ಚುಗೀಸರ ಬಾಯಿಗೆ ಸಿಕ್ಕಿ ಸ್ವಲ್ಪ ನಜ್ಜುಗುಜ್ಜಾಯಿತು, ಅಷ್ಟೇ.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. ಮೆಣಸಿಗೆ ಅಂತ ಬಂದವರು ಬೆಲ್ಲವನ್ನೂ ಕಂಡರು. ಮಲಯಾಳದಲ್ಲಿ ಬೆಲ್ಲಕ್ಕೆ ಶರ್ಕರ ಅಂತಾರೆ, ಚಕ್ಕರ ಅಂತಲೂ ಅಂತಾರೆ. ಪೋರ್ಚುಗೀಸರ ನಾಲಿಗೆಯಲ್ಲಿ ಅದು ‘ಜಾಗರ’ ಆಯಿತು. ಅವರಿಂದ ಕಲಿತ ಇಂಗ್ಲಿಷರು 16ನೇ ಶತಮಾನ ಮುಗಿಯುವ ಹೊತ್ತಿಗೆ ‘ಜಾಗರಿ’ ಅನ್ನತೊಡಗಿದರು. ತಾಳೆ ಬೆಲ್ಲಕ್ಕೂ ಅದೇ ಹೆಸರು.

ಶುಗರ್ ಕೂಡ ಇದೇ ಮನೆಯ ಕೂಸು. ಸಂಸ್ಕೃತದ ಶರ್ಕರಾ ಪರ್ಷಿಯನ್ನರಲ್ಲಿ ಶಕರ್, ಅರಬ್ಬರಲ್ಲಿ ಸುಕ್ಕರ್ ಆಗಿ ಯುರೋಪಿಗೆ ಹೋಯಿತು. ನಮ್ಮ ಸಕ್ಕರೆಯೂ ಅದರದ್ದೇ. ಅಂದರೆ ಜಾಗರಿ ಅನ್ನುವಾಗ ನಾವು ಬೆಲ್ಲವನ್ನು ಸಕ್ಕರೆ ಅಂತ ಕರೆದ ಹಾಗೇ ಆಯಿತು, ಅಲ್ವಾ? ಬೆಲ್ಲ ಅನ್ನುವ ಪದ ಮಾತ್ರ ಎಲ್ಲೂ ಹೋಗಲಿಲ್ಲ. ತಮಿಳಿನ ವೆಲ್ಲಂ, ತೆಲುಗಿನ ಬೆಲ್ಲಂ ಜೊತೆ ಇಲ್ಲೇ ಉಳಿಯಿತು.

ಶರ್ಕರಾ ಅಂದರೆ ಮೊದಲು ನೊರಜುಗಲ್ಲು ಅಂತಲೇ ಅರ್ಥ. ಸಿಹಿಗೆ ಕಲ್ಲಿನ ಹೆಸರು ಯಾಕಪ್ಪಾ ಅಂತ ನನಗೆ ಬಹಳ ದಿನ ಅನಿಸುತ್ತಿತ್ತು. ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ನೆನಪಾದಾಗ ಹೊಳೆಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ಕುದಿಯುತ್ತಾ ಗಟ್ಟಿಯಾಗುವಾಗ ಮಾವ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಉಂಡೆ ನಿಂತರೆ ಪಾಕ ಬಂತು. ಬೆಲ್ಲವನ್ನು ಅಚ್ಚಿಗೆ ಹಾಕಿದ ಮೇಲೆ ತೊಟ್ಟಿಯ ಅಂಚಿನಲ್ಲಿ ಅಂಟಿಕೊಂಡಿದ್ದು ನಮ್ಮ ಪಾಲು. ಕೆರೆದು ಬಾಯಿಗೆ ಹಾಕಿಕೊಂಡರೆ ಸಣ್ಣ ಸಣ್ಣ ಹರಳು ಹಲ್ಲಿಗೆ ಕರಕರ ಅನ್ನುತ್ತಿತ್ತು. (ನಿಜವಾದ ಮರಳೂ ಆಗಾಗ ಸಿಗುತ್ತಿತ್ತು ಬಿಡಿ.) ಆ ಕರಕರಕ್ಕೇ ಶರ್ಕರಾ ಅಂದಿರಬೇಕು. ಹಾಗೆ ನೋಡಿದರೆ ಕಲ್ಲುಸಕ್ಕರೆ ಅನ್ನುವಾಗ ನಾವು ಕಲ್ಲನ್ನು ಎರಡು ಸಲ ಹೇಳುತ್ತೇವೆ!

ಮೊಮ್ಮಗಳು ಬೆಲ್ಲ ಬೇಡ, ಕ್ಯಾಂಡಿ ಕೊಡು ಅಂತ ಹಟ ಮಾಡಿದರೆ ಕೊಡಿ. ಅದೂ ಸಂಸ್ಕೃತದ ಖಂಡ, ಅರಬ್ಬರ ಕಂದ್ ದಾಟಿ ಹೋದ ಪದವೇ.