ಲಂಚದ ಗುಂಡಿ ಒತ್ತಿ ಒತ್ತಿ ಬೇಸರವಾದಾಗ

ಪ್ರಶ್ನೆ: ಭ್ರಷ್ಟ ಶಾಸನಸಭೆಯನ್ನು ವಿಡಂಬಿಸುವ ವಿಡಿಯೊ ಗೇಮ್ ಮಾಡುತ್ತಿದ್ದೇವೆ. ಸಂಭಾಷಣೆಗೆ ಎಲ್ಲರೂ ನಗುತ್ತಾರೆ. ಆದರೆ ಲಂಚದ ಗುಂಡಿಯನ್ನೇ ಒತ್ತುತ್ತಾ ಹೋಗಿ ಬೇಗ ಬೇಸರಗೊಳ್ಳುತ್ತಾರೆ. ಏನು ಮಾಡಬೇಕು?

ಉತ್ತರ: ವಿಡಂಬನೆ ಮಾತಿನಲ್ಲಿದೆ, ಆಟದ ನಿಯಮಗಳಿಗೆ ಇಳಿದಿಲ್ಲ. ಲಂಚದ ದರ ಕೊನೆಯವರೆಗೂ ಒಂದೇ ಆಗಿದ್ದರೆ ಆಡುವವರು ಯೋಚಿಸುವುದಾದರೂ ಏನನ್ನು? ದರ ಏರಲಿ.

60 ಸದಸ್ಯರ ಸದನ, ಬಹುಮತಕ್ಕೆ 31, ಆಟಗಾರನ ಕಡೆ 26 ಎಂದಿಟ್ಟುಕೊಳ್ಳಿ. ಪ್ರತಿ ಮಸೂದೆಗೂ ಹೊರಗಿನ ಐದು ಮತ ಬೇಕು. ಮೊದಲ ಮತಕ್ಕೆ 2 ನಾಣ್ಯ. ಒಬ್ಬ ಮಾರಿಕೊಂಡ ಸುದ್ದಿ ಮೊಗಸಾಲೆಗೆ ಮುಟ್ಟಿದೊಡನೆ ಎಲ್ಲರ ಬೆಲೆಯೂ 1 ಹೆಚ್ಚಲಿ. ಐದು ಮತಕ್ಕೆ 20 ಆಯಿತು. ಆರಂಭದಲ್ಲಿ 25 ಕೊಟ್ಟಿದ್ದರೆ ಉಳಿಯುವುದು 5. ಎರಡನೇ ಮಸೂದೆಗೆ 7ರಿಂದ 11ರವರೆಗೆ, ಒಟ್ಟು 45. ಕೊರತೆಯ 40 ತುಂಬಲು ಮಸೂದೆಯ ಆರು ಕಲಂಗಳಲ್ಲಿ ನಾಲ್ಕನ್ನು, ಅವು ಸಡಿಲವಾಗಲೆಂದು ಬಯಸುವವರಿಗೆ ತಲಾ 10ಕ್ಕೆ ಮಾರಲೇಬೇಕು. ಮೂರನೆಯದಕ್ಕೆ 70 ಬೇಕು, ಆರೂ ಕಲಂ ಮಾರಿದರೂ 60. ಆಗ ಲೆಕ್ಕಪರಿಶೋಧಕರ ಅಧಿಕಾರ ಮೊಟಕುಗೊಳಿಸಿ ಪರಿಹಾರ ನಿಧಿಗೆ ಕೈಹಾಕುವ ತಿದ್ದುಪಡಿ ಪರದೆಗೆ ಬರಲಿ. ಕೆಡುಕು ಮಾಡುವ ಆಸೆಯಿಲ್ಲದವನನ್ನೂ ಲೆಕ್ಕ ಅಲ್ಲಿಗೆ ತಂದು ನಿಲ್ಲಿಸುತ್ತದೆ. ನಿಮ್ಮ ಆಟದ ಜೀವ ಇರುವುದು ಇಲ್ಲೇ.

ಕಲಂ ಮಾರಿದಾಗ ಅದರ ಪಠ್ಯ ಬದಲಾಗುವುದು ಕಣ್ಣಿಗೆ ಬೀಳಬೇಕು. ‘ತಪಾಸಣೆ ನಡೆಸತಕ್ಕದ್ದು’ ಎಂದಿದ್ದದ್ದು ‘ನಡೆಸಬಹುದು’ ಆಗಲಿ. ದಂಡದ ಮೊತ್ತ ಅಳಿಸಿಹೋಗಿ ‘ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು’ ಎಂದಾಗಲಿ. ಕಾನೂನಿನ ಹಲ್ಲು ಕೀಳುವುದಕ್ಕೆ ಇಷ್ಟು ಸಾಕು.

ಪರಿಣಾಮ ತಡವಾಗಿ ಬರಲಿ, ಆದರೆ ಮರೆತುಹೋಗುವಷ್ಟು ತಡವಾಗಿ ಅಲ್ಲ. 20 ಸುತ್ತಿನ ಆಟಕ್ಕೆ ನಾಲ್ಕು ಸುತ್ತು ಹದವಾದ ಅಂತರ. ಉದಾಹರಣೆಗೆ, ಸೇತುವೆ ಕುಸಿದ ಸುದ್ದಿಯಲ್ಲಿ ಮಾರಿದ ಕಲಂನ ಸಂಖ್ಯೆ ಇರಲೇಬೇಕು. ದಾಳ ಉರುಳಿಸಿ ದಿಢೀರ್ ದಾಳಿ ಮಾಡಿಸಬೇಡಿ. ಸಿಕ್ಕಿಬಿದ್ದವರು ಅದೃಷ್ಟವನ್ನು ಬೈದು ಸುಮ್ಮನಾಗುತ್ತಾರೆ.

ಪ್ರಾಮಾಣಿಕ ದಾರಿಯೂ ಬೇಕು: ಬಹಿರಂಗ ವಿಚಾರಣೆಗೆ ಮೂರು ಸುತ್ತು ಹಿಡಿಯಲಿ, ಐದು ಮತ ಬರಲಿ, ದರ ಏರದಿರಲಿ. ಇದಿಲ್ಲದ ಆಟ ‘ಎಲ್ಲರೂ ಕಳ್ಳರೇ’ ಎನ್ನುತ್ತದೆ. ಆ ಮಾತಿನಿಂದ ಲಾಭವಾಗುವುದು ಕಳ್ಳರಿಗೇ.

ಕೊನೆಯ ಪರದೆಯಲ್ಲಿ ನಾಣ್ಯಗಳನ್ನು ಅಂಕವಾಗಿ ತೋರಿಸಬೇಡಿ. ಹಣವೇ ಗೆಲುವಾದರೆ ವಿಡಂಬನೆ ತಿರುಗುಮುರುಗಾಗುತ್ತದೆ. ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಬೋರ್ಡ್ ಆಟ ಭೂಮಿಯ ಏಕಸ್ವಾಮ್ಯದ ಕೆಡುಕು ತೋರಿಸಲು ಹುಟ್ಟಿದ್ದು. ಅದರಿಂದ ಬೆಳೆದ ‘ಮೊನೊಪೊಲಿ’ಯಲ್ಲಿ ಎದುರಾಳಿಯನ್ನು ದಿವಾಳಿ ಎಬ್ಬಿಸುವುದೇ ಗೆಲುವಾಯಿತು. ಅಂಕದ ಬದಲು, ಜಾರಿಗೆ ಬಂದ ಕಾನೂನುಗಳ ಪೂರ್ಣ ಪಠ್ಯವನ್ನು ಮೂಲದ ಪಕ್ಕದಲ್ಲಿಟ್ಟು ತೋರಿಸಿ.

ಪ್ರಶ್ನೆ: ಕೋಡ್ ಬರೆಯುವ ಮುನ್ನ ಇದನ್ನೆಲ್ಲ ಪರೀಕ್ಷಿಸಬಹುದೆ?

ಉತ್ತರ: ಪರೀಕ್ಷಿಸಲೇಬೇಕು. ಸದಸ್ಯರಿಗೆ ಚೀಟಿಗಳು, ಪ್ರತಿ ಮಸೂದೆಗೆ ಆರು ಕಲಂ ಚೀಟಿ, ನಾಣ್ಯಗಳಿಗೆ ಅಂಗಿಯ ಗುಂಡಿಗಳು ಸಾಕು. ಒಬ್ಬರು ಪತ್ರಿಕೆಯ ಪಾತ್ರ ವಹಿಸಿ, ಮಾರಾಟವಾದ ಕಲಂಗಳನ್ನು ಸುತ್ತಿನ ಸಂಖ್ಯೆಯೊಂದಿಗೆ ಬರೆದಿಟ್ಟು, ನಾಲ್ಕು ಸುತ್ತಿನ ನಂತರ ಸುದ್ದಿ ಓದಲಿ. ಆಟ ಮುಗಿದ ಮೇಲೆ ‘ಯಾವ ಕಲಂ ಯಾರಿಗೆ ಮಾರಿದಿರಿ?’ ಎಂದು ಕೇಳಿ. ನೆನಪಾಗದಿದ್ದರೆ ಅಂತರವನ್ನು ಮೂರು ಸುತ್ತಿಗೆ ಇಳಿಸಿ.