ಮದುವೆಗೆ ಆರು ವಾರ, ಕೆನ್ನೆ ಮೇಲೊಂದು ಕಲೆ

ಇವರನ್ನು ಇಲ್ಲಿ ಶಾಂತಕ್ಕ ಎನ್ನೋಣ. ಗುರುತು ಸಿಗಬಾರದೆಂದು ಹೆಸರು, ಮನೆಯ ವಿವರ ಬದಲಿಸಿದ್ದೇನೆ. ವಯಸ್ಸು 46, ಬಾಗಲಕೋಟೆಯ ನವನಗರದವರು. ಮಗಳ ಮದುವೆಗೆ ಆರೇ ವಾರ ಉಳಿದಿತ್ತು. ನನ್ನೆದುರು ಕೂತ ಮೇಲೂ ಎಡಗೆನ್ನೆಯಿಂದ ಸೆರಗು ಸರಿಸಲಿಲ್ಲ.

"ಲೇಸರ್ ಮಾಡಿಸ್ಬೇಕಂತ ಮಾಡೀನ್ರಿ ಮೇಡಂ. ಒಮ್ಮಿಗೇ ಎಲ್ಲಾ ಹೋಗ್ತೈತಂತ. ನಮ್ಮ ಮನಿಯವ್ರು ಬ್ಯಾಡ ಅಂತಾರ. ನೀವರ ಒಂದ್ ಮಾತು ಹೇಳ್ರಿ ಅವ್ರಿಗೆ."

ಬಂದದ್ದು ಸಲಹೆಗಲ್ಲ, ಗಂಡನನ್ನು ಒಪ್ಪಿಸಲು.

ಮೊದಲಿಂದ ಹೇಳಿ ಅಂದೆ. ಎರಡೂ ಕೆನ್ನೆ ಮೇಲೆ ಬಂಗು ಬಂದು ವರ್ಷಗಳಾಗಿತ್ತು. ಎಂಟು ತಿಂಗಳ ಹಿಂದೆ ಒಂದು ಪಾರ್ಲರ್‌ನಲ್ಲಿ ಪೀಲ್, ಅಂದರೆ ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವುದು, ಮಾಡಿಸಿದ್ದರು. "ಉರೀತು. ಉರಿದ್ರ ಕೆಲಸ ಮಾಡಾಕತ್ತೈತಿ ಅಂದ್ರು, ತಡ್ಕೊಂಡೆ." ವಾರದ ಮೇಲೆ ಹಕ್ಕಳೆ ಉದುರಿತು. ಅದರಡಿಯಿಂದ ಮೊದಲಿಗಿಂತ ಕಪ್ಪು ಕಲೆ ಬಂತು.

ಕೊನೆಗೆ ಸೆರಗು ಇಳಿಸಿದರು. ಕೆನ್ನೆಯ ಮೂಳೆ ಮೇಲೆ ರೂಪಾಯಿ ನಾಣ್ಯದಷ್ಟು ಗಾಢ ಕಂದು ಕಲೆ. ಸುತ್ತಲಿನ ಚರ್ಮ ತೆಳ್ಳಗೆ, ಕೆಂಪಗೆ, ಸಣ್ಣ ರಕ್ತನಾಳ ಕಾಣುವಂತಿತ್ತು. ಚೀಲದಿಂದ ಒಂದು ಟ್ಯೂಬ್ ತೆಗೆದರು. ತುದಿಯಿಂದ ಸುರುಳಿ ಸುತ್ತಿ ಕೊನೆಯ ಹನಿಯವರೆಗೆ ಹಿಂಡಿದ್ದರು. ಅದರಲ್ಲಿದ್ದದ್ದು ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಹೊಸ ಪದರ ಬೇಗ ಬರಿಸುವ ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ವೈದ್ಯರು ಕೆಲವೇ ವಾರಗಳಿಗೆ ಬರೆಯುವ ಮುಲಾಮು ಇದು. ಪಕ್ಕದ ಮನೆಯವರು ಹೇಳಿದರೆಂದು ಇವರು ಎರಡು ವರ್ಷ ಹಚ್ಚಿದ್ದರು.

ನಾನು ಚರ್ಮದ ಡಾಕ್ಟರ್ ಅಲ್ಲ. ಆದರೆ ಇದೊಂದು ಮಾತನ್ನು ಅವರಿಗೆ ಒತ್ತಿ ಹೇಳಿದೆ. ನಮ್ಮ ಕಂದು ಚರ್ಮಕ್ಕೆ ಪೆಟ್ಟು ಬಿದ್ದರೆ ಅದು ಬಣ್ಣ ಜಾಸ್ತಿ ಮಾಡಿಕೊಳ್ಳುತ್ತದೆ. ಸೊಳ್ಳೆ ಕಚ್ಚಿದ ಜಾಗ, ಮೊಡವೆ ಒಡೆದ ಜಾಗ ತಿಂಗಳುಗಟ್ಟಲೆ ಕಪ್ಪಗಿರುವುದು ಇದಕ್ಕೇ. ಜೋರಾದ ಲೇಸರ್ ಚರ್ಮದೊಳಗಿನ ನೀರನ್ನೇ ಕಾಯಿಸಿ ಮೇಲ್ಪದರ ಸುಡುತ್ತದೆ. ಮೊಡವೆಯ ಆಳದ ಗುಳಿಗಳಿಗೆ ನುರಿತ ತಜ್ಞರ ಕೈಯಲ್ಲಿ ಅದು ಒಳ್ಳೆಯದೇ. ಬಂಗಿನ ಮೇಲೆ, ಅದೂ ಸ್ಟೀರಾಯ್ಡ್‌ನಿಂದ ಬಡವಾದ ಚರ್ಮದ ಮೇಲೆ, ಪೀಲ್ ಮಾಡಿದ್ದನ್ನೇ ಇನ್ನೂ ದೊಡ್ಡದಾಗಿ ಮಾಡಬಹುದು.

"ಹಂಗಾರ ಇನ್ನೇನ್ ಮಾಡ್ಲಿ? ಹಿಂಗೇ ನಿಂದರ್ಲೇನು ಮಂಟಪದಾಗ?" ಅಂದವರೇ ಅಳತೊಡಗಿದರು.

ಆಗ ಹೊರಬಂತು. ಜವಳಿ ತೆಗೆಯಲು ಇಳಕಲ್‌ಗೆ ಹೋದಾಗ ಬೀಗತಿ ಎಲ್ಲರೆದುರು ಕೇಳಿದ್ದರಂತೆ, "ನಿಮ್ಮ ಮಾರಿಗೆ ಏನಾಗೈತ್ರಿ?" ಅಂದಿನಿಂದ ಇವರಿಗೆ ನಿದ್ದೆ ಇಲ್ಲ. ಮಗಳಿಗೂ ಹೇಳಿರಲಿಲ್ಲ. ಆ ದಿನ ನಾವು ಹೆಚ್ಚು ಹೊತ್ತು ಮಾತಾಡಿದ್ದು ಈ ಮಾತಿನ ಬಗ್ಗೆಯೇ. ಮುಂದಿನ ಸಲ ಗಂಡನನ್ನೂ ಕರೆಸಿದೆ. ಖರ್ಚಿಗೆ ಹೆದರಿ ಬೇಡ ಅಂದಿದ್ದರು, ಅಷ್ಟೇ. "ಇಷ್ಟು ನೊಂದಾಳಂತ ಗೊತ್ತಿರಲಿಲ್ರಿ" ಅಂದರು.

ನಾನು ಹೇಳಿದ್ದು ಇಷ್ಟು. ಮದುವೆ ಮುಗಿಯುವವರೆಗೆ ಮುಖಕ್ಕೆ ಹೊಸ ಚಿಕಿತ್ಸೆ ಯಾವುದೂ ಬೇಡ. ಆ ಟ್ಯೂಬ್ ಹಿಡಿದುಕೊಂಡೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ತಟ್ಟನೆ ಬಿಟ್ಟರೆ ಮುಖ ಕೆಂಪೇರಿ ಉರಿಯಬಹುದು, ಹೇಗೆ ಬಿಡಬೇಕೆಂದು ಅವರೇ ಹೇಳಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ. ಬಣ್ಣ ಬೆರೆಸಿದ್ದು ಸಿಕ್ಕರೆ ಬಂಗಿಗೆ ಇನ್ನೂ ಒಳ್ಳೆಯದು. ಮುಂದೆ ಯಾರೇ ಲೇಸರ್ ಅಂದರೂ ಕೇಳಿ: ನನ್ನಂಥ ಬಣ್ಣದವರಿಗೆ ಮಾಡಿದ್ದೀರಾ? ಕಪ್ಪಾದರೆ ಏನು ಮಾಡುತ್ತೀರಿ? ಮೊದಲು ಒಂದು ಚಿಕ್ಕ ಜಾಗದಲ್ಲಿ ಮಾಡಿ, ಕೆಲವು ವಾರ ಕಾದು ನೋಡೋಣವಾ?

ಒಂದು ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಬಿಸಿಲಷ್ಟೇ ಅಲ್ಲ, ಒಲೆಯ ಝಳವೂ ಬಂಗನ್ನು ಹೆಚ್ಚಿಸುತ್ತದೆ. ಶಾಂತಕ್ಕ ದಿನಾ ಬೆಳಿಗ್ಗೆ ಹಂಚಿನ ಮೇಲೆ ಬಗ್ಗಿ ಇಪ್ಪತ್ತೈದು ಜೋಳದ ರೊಟ್ಟಿ ಬೇಯಿಸುತ್ತಿದ್ದರು.

ಮದುವೆಯಾಗಿ ಮೂರು ತಿಂಗಳಿಗೆ ಬಂದರು. ಕೆಂಪು ಇಳಿದಿದೆ, ಕಲೆಯ ಅಂಚು ಸ್ವಲ್ಪ ತಿಳಿಯಾಗಿದೆ, ನಡುವೆ ಹಾಗೇ ಇದೆ. ಲೇಸರ್ ಆಸೆ ಪೂರ್ತಿ ಬಿಟ್ಟಿಲ್ಲ. ಡಾಕ್ಟರ್ ಇನ್ನೂ ಆರು ತಿಂಗಳು ಕಾಯಲು ಹೇಳಿದ್ದಾರೆ. ರೊಟ್ಟಿ ಈಗ ಪಕ್ಕದ ಓಣಿಯಿಂದ ತರಿಸುತ್ತಾರೆ.